ಗದಗಿನ ಪ್ರೆಸ್ಸಿನಾಗ ದಿನಾ ಕೆಳಗ ಇಳಿಯೋ ವಿಂಡೋ: ರಿಲೀಸ್ ಮುಂದಿನ ಒಂಬತ್ತು ದಿನ

ಗದಗದಾಗ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಐತಿ, ಅಲ್ಲಿ ಡಿಟಿಪಿ ಮಾಡೋ ಅಣ್ಣಾರು ನಾವು ನಾಕೈದು ಮಂದಿ ಸೇರಿ ಬರಿಯೋ ಓಪನ್ ಸೋರ್ಸ್ ಡ್ರಾಯಿಂಗ್ ಸಾಫ್ಟ್‌ವೇರ್‌ನಾಗ ಲಗ್ನಪತ್ರಿಕೆ ಮಾಡತಾರ. ನಮ್ಮ ರಿಲೀಸ್‌ಗೆ ಇನ್ನ ಒಂಬತ್ತು ದಿನ ಇತ್ತು, ಏಪ್ರಿಲ್ ಬಿಸಲು, ಲಗ್ನದ ಸೀಸನ್ ಬ್ಯಾರೆ, ಅಂಥಾದ್ರಾಗ ಅವರು ಫೋನ್ ಮಾಡಿ "ತಮ್ಮಾ, ನಿಮ್ಮ ಸಾಫ್ಟ್‌ವೇರ್ ದಿನಾ ಬೆರಳಷ್ಟು ಕೆಳಗ ಇಳಿಯಾಕ ಹತ್ತೈತಿ ನೋಡು, ಸೋಮವಾರ ಮ್ಯಾಲಿತ್ತು, ಇವತ್ತ ಶುಕ್ರವಾರ, ಕೆಳಗಿನ ಬಣ್ಣದ ಪಟ್ಟಿನ ಕಾಣವಲ್ದು" ಅಂದ್ರು. ನಮ್ಮ ಕಡೆ ಎರಿಮಣ್ಣಿನ ನೆಲದಾಗ ಮನಿ ಕಟ್ಟಿದ್ರ ಗ್ವಾಡಿ ಸೀಳಿ ಖಿಡಕಿ ವಾರಿ ಆಗೂದು ನೋಡೇನಿ, ಕಂಪ್ಯೂಟರ್‌ದಾಗಿನ ಖಿಡಕಿ ಇಳಿಯೂದು ಅವತ್ತ ಮೊದಲನೇ ಸಲ ಕೇಳಿದ್ದು.

ನಾನು ಹುಬ್ಬಳ್ಳಿ ವಿದ್ಯಾನಗರದಾಗ ರೂಮಿನಾಗ ಕುಂತು ನನ್ನ ಲ್ಯಾಪ್‌ಟಾಪ್‌ದಾಗ ಇಪ್ಪತ್ತು ಸಲ ತಗದು ಮುಚ್ಚಿ ನೋಡಿದೆ, ಏನೂ ಇಲ್ಲ, ಒಂದ್ ಕೂದಲಿನಷ್ಟೂ ಅಳ್ಳಾಡಲಿಲ್ಲ. "ಅಣ್ಣಾರ, ನನ್ನ ಹತ್ರ ಸರಿ ಐತಲ್ರಿ" ಅಂದೆ. ಆ ಮಾತು ಕೇಳಿದ್ರ ಎಂಥಾ ಶಾಂತ ಮನಷ್ಯಾಗೂ ಸಿಟ್ಟ ಬರತೈತಿ, ಅವರಿಗೂ ಬಂತು. ಯಾಕ ನನ್ನ ಹತ್ರ ಬರಲಿಲ್ಲ ಅವರ ಹತ್ರ ಬಂತು ಅನ್ನೂದನ್ನ ಹೇಳಬೇಕಂದ್ರ ಮೊದಲು ವಿಂಡೋ ಇವೆಂಟ್ ಅಂದ್ರೇನು ಅನ್ನೂದನ್ನ ಹೇಳಬೇಕು, ಯಾಕಂದ್ರ ಭಾಳ ಮಂದಿ ನನಗ "ಬರೇ ಒಂದ್ ಚೌಕ ತಗಿಯೂದು ಮುಚ್ಚೂದು, ಅದರಾಗೇನ್ ಅಷ್ಟ್ ಬಗ್ (ಪ್ರೋಗ್ರಾಂನ ತಪ್ಪು) ಇರತಾವೋ ಮಾರಾಯಾ" ಅಂತ ಕೇಳತಾರ.

ಒಂದ್ ಖಾನಾವಳಿ ನೆನಸ್ಕೋರಿ. ಮುಂದ ಹಾಲ್‌ನಾಗ ಮಂದಿ ಉಣ್ಣಾಕ ಕುಂತಾರ, ಗಲ್ಲಾದ ಮ್ಯಾಲ ಮಾಲಕರು ಕುಂತಾರ, ಹಿಂದ ಅಡಗಿಮನಿಯಾಗ ಒಬ್ಬಾಂವ ಅಡಗಿ ಮಾಡತಾನ. ಅಡಗಿ ಮಾಡಾಂವಗ ಹಾಲ್ ಕಾಣಂಗಿಲ್ಲ. ಯಾರ ಬಂದ್ರು, ಯಾರ ಯಾವ ಟೇಬಲ್‌ದಾಗ ಕುಂತ್ರು, ಯಾರ ಕೈ ಎತ್ತಿದ್ರು, ಎಲ್ಲಾ ಮಾಲಕರು ನೋಡಿ ಚೀಟಿ ಬರದು ಒಳಗ ಕಳಸತಾರ, ಇಂವ ಮೊಳಿಗೆ ಚುಚ್ಚಿದ ಚೀಟಿ ಒಂದೊಂದ ತಗದು ಓದಿ ಕೆಲಸ ಮಾಡತಾನ. ಆ ಅಡಗಿ ಮಾಡಾಂವ ನಮ್ಮ ಪ್ರೋಗ್ರಾಂ. ಮಾಲಕರು ಅಂದ್ರ ಡಿಸ್‌ಪ್ಲೇ ಸರ್ವರ್, ಪರದೆ ಕೀಬೋರ್ಡ್ ಮೌಸ್ ನೋಡ್ಕೊಳ್ಳೋ ಪ್ರೋಗ್ರಾಂ. ಚೀಟಿ ಅಂದ್ರ ಇವೆಂಟ್. ಕೀ ಒತ್ತಿದ್ರು ಒಂದ್ ಚೀಟಿ, ಬಿಟ್ರು ಇನ್ನೊಂದು, ಮೌಸ್ ಸರಿಸಿದ್ರು ಒಂದು, ವಿಂಡೋ ದೊಡ್ಡದು ಮಾಡಿದ್ರು ಒಂದು, ಬ್ಯಾರೆ ವಿಂಡೋ ಮ್ಯಾಲ ಕ್ಲಿಕ್ ಮಾಡಿ ನಮ್ಮನ್ನ ಬಿಟ್ಟ್ ಹೋದ್ರು ಅಂದ್ರ ಅದಕ್ಕೂ ಒಂದು. ಚೀಟಿ ತಗಿ, ಓದು, ಮಾಡು, ಮತ್ತ ಚೀಟಿ ತಗಿ, ಈ ಸುತ್ತಿಗೆ ಇವೆಂಟ್ ಲೂಪ್ ಅಂತಾರ. ಅಡಗಿಯಾಂವ ರೊಟ್ಟಿ ಬಡ್ಕೊಂತ ಅರ್ಧಾ ತಾಸು ಚೀಟಿ ಕಡೆ ನೋಡಲಿಲ್ಲ ಅಂದ್ರ "ಪ್ರೋಗ್ರಾಂ ಸ್ಪಂದಿಸ್ತಿಲ್ಲ" ಅನ್ನೋ ಆ ಬೂದು ಬಣ್ಣದ ವಿಂಡೋ ಬರತೈತಿ.

ಇಲ್ಲಿ ಮುಖ್ಯ ಏನಂದ್ರ, ಚೀಟಿ ಓದೋ ಹೊತ್ತಿಗೆ ಅದು ಹಳೇ ಸುದ್ದಿ ಆಗಿರತೈತಿ. ಚೀಟಿ ಬರದಾಗ ನಾಕನೇ ಟೇಬಲ್‌ದಾಗಿದ್ದ ಮನಷ್ಯಾ ಓದೂದ್ರಾಗ ಎದ್ದು ಏಳನೇ ಟೇಬಲ್‌ಗೆ ಹೋಗಿರಬಹುದು, ಇಲ್ಲಾ ಮನೀಗೆ ಹೋಗಿರಬಹುದು. ನಾನು ನೋಡಿದ ವಿಂಡೋ ಬಗ್‌ಗಳಾಗ ಮುಕ್ಕಾಲು ಪಾಲು ಇಷ್ಟ: ಪ್ರೋಗ್ರಾಂ ಬರದಾಂವ ಹಳೇ ಸುದ್ದೀನ ಈಗಿನ ಸುದ್ದಿ ಅಂತ ತಿಳಕೊಂಡಿರತಾನ.

ಇದು ಯಾರೋ ಸೋಮಾರಿತನಕ್ಕ ಮಾಡಿದ ವ್ಯವಸ್ಥಾ ಅಲ್ಲ ಮತ್ತ. ಲಿನಕ್ಸ್‌ನಂಥಾ ಕಡೆ ಈ ಮಾಲಕರ ಕೆಲಸ ಮಾಡೋ ಎಕ್ಸ್ ವಿಂಡೋ ಸಿಸ್ಟಮ್ ಹುಟ್ಟಿದ್ದು 1984ರಾಗ, ಅಮೆರಿಕಾದ ಎಂಐಟಿಯ ಅಥೀನಾ ಪ್ರಾಜೆಕ್ಟ್‌ದಾಗ, 1987ಕ್ಕ ಅದರ 11ನೇ ಆವೃತ್ತಿ ಬಂತು, ಇವತ್ತಿಗೂ ಅದ 11ನೇ ನಂಬರ್, ಅದಕ್ಕ ಎಕ್ಸ್11 ಅಂತಾರ. ಪ್ರೋಗ್ರಾಂ ಒಂದ್ ಮಷಿನ್‌ದಾಗ ಓಡತೈತಿ, ಪರದೆ ಇನ್ನೊಂದ್ ಕಡೆ ಇರತೈತಿ, ನಡುವ ನೆಟ್‌ವರ್ಕ್ ವೈರ್, ಹಂಗ ಕೆಲಸ ಮಾಡಬೇಕು ಅಂತ ಕಟ್ಟಿದ್ದು. ಪ್ರತಿ ಮಾತಿಗೂ ಉತ್ತರಕ್ಕ ಕಾಯ್ಕೊಂತ ಕುಂತ್ರ ಆ ಕಾಲದ ನೆಟ್‌ವರ್ಕ್ ಮ್ಯಾಲ ಕೆಲಸ ನಡೀತಿರಲಿಲ್ಲ, ಅದಕ್ಕ ಎರಡೂ ಕಡೆಯವರು ಕಾಯದ ಚೀಟಿ ಎಸಕೊಂತ ಹೋಗೋ ಪದ್ಧತಿ. ಮೂಲ ಪ್ರೋಟೋಕಾಲ್‌ದಾಗ 33 ಥರದ ಇವೆಂಟ್ ಅದಾವು. ಆಮ್ಯಾಲ 2008ರಾಗ ವೇಲ್ಯಾಂಡ್ ಅಂತ ಹೊಸಾದು ಶುರು ಆತು, 2016ರಾಗ ಫೆಡೋರಾ ಅನ್ನೋ ಲಿನಕ್ಸ್‌ನ 25ನೇ ಆವೃತ್ತಿ ಅದನ್ನ ಡೀಫಾಲ್ಟ್ ಮಾಡ್ತು, ಈಗ ಹೊಸಾ ಲಿನಕ್ಸ್ ಹಾಕಿದ್ರ ಹೆಚ್ಚೂಕಮ್ಮಿ ಅದ ಬರತೈತಿ. ಹಳೇ ಮಷಿನ್‌ದಾಗ ಹಗುರ ಡೆಸ್ಕ್‌ಟಾಪ್ ಹಾಕ್ಕೊಂಡವರು ಇನ್ನೂ ಎಕ್ಸ್11 ಮ್ಯಾಲನ ಅದಾರ. ಗದಗಿನ ಅಣ್ಣಾರು ಅಂಥವರ ಪೈಕಿ, ಅವರದು ಎಕ್ಸ್11 ಮ್ಯಾಲ ಓಡೋ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್, ನಂದು ವೇಲ್ಯಾಂಡ್. ಗಂಟ ಇಲ್ಲೇ ಬಿಚ್ಚಿತು.

ಈಗ ಇಳಿಯೋ ವಿಂಡೋ ಕಡೆ ಬರೂಣು. ಎಕ್ಸ್11ದಾಗ ನಮ್ಮ ಪ್ರೋಗ್ರಾಂ ಮಾಡೂದು ಬರೇ ಒಳಗಿನ ಚೌಕ. ಮ್ಯಾಲಿನ ಟೈಟಲ್ ಪಟ್ಟಿ, ಮುಚ್ಚೋ ಬಟನ್, ಸುತ್ತಲಿನ ಅಂಚು, ಇದೆಲ್ಲಾ ವಿಂಡೋ ಮ್ಯಾನೇಜರ್ ಅನ್ನೋ ಬ್ಯಾರೆ ಪ್ರೋಗ್ರಾಂನ ಕೆಲಸ, ಅದು ನಮ್ಮ ಚೌಕಾನ ತಗೊಂಡು ತಂದೊಂದು ಚೌಕಟ್ಟಿನೊಳಗ ಕೂಡಸತೈತಿ, ಬಡಿಗ್ಯಾರು ಖಿಡಕಿ ಬಾಗಲಾ ಚೌಕಟ್ಟಿಗೆ ಕೂಡಸಿದಂಗ. ಅಂದಮ್ಯಾಲ "ವಿಂಡೋ ಎಲ್ಲೈತಿ" ಅನ್ನೋ ಪ್ರಶ್ನೆಗೆ ಎರಡು ಉತ್ತರ ಆದುವು: ಚೌಕಟ್ಟಿನ ಮೂಲಿ ಎಲ್ಲೈತಿ ಅನ್ನೂದು ಒಂದು, ಒಳಗಿನ ಚೌಕದ ಮೂಲಿ ಎಲ್ಲೈತಿ ಅನ್ನೂದು ಇನ್ನೊಂದು. ಎರಡರ ನಡುವ ಟೈಟಲ್ ಪಟ್ಟಿ ಎತ್ತರದಷ್ಟು ಫರಕು.

ನಮ್ಮದು ಕ್ಯೂಟಿ ಮ್ಯಾಲ ಬರದಿದ್ದು, ಕ್ಯೂಟಿ ಅಂದ್ರ ವಿಂಡೋ ಬಟನ್ ಮಾಡಾಕ ಸಿಗೋ ತಯಾರ ಕೋಡ್. ಅದರಾಗ ಜಾಮೆಟ್ರಿ ಅಂತ ಕೇಳಿದ್ರ ಒಳಗಿನ ಚೌಕದ ಜಾಗ ಹೇಳತೈತಿ, ಪೋಸ್ ಅಂತ ಕೇಳಿದ್ರ ಚೌಕಟ್ಟಿನ ಜಾಗ ಹೇಳತೈತಿ, ಮೂವ್ ಅಂತ ಹೇಳಿದ್ರ ಚೌಕಟ್ಟನ್ನ ಸರಸತೈತಿ. ನಮ್ಮ ಪೈಕಿ ಯಾರೋ (ನಾನ ಇರಬಹುದು, ಯಾರು ಏನ್ ಬದಲಿ ಮಾಡಿದ್ರು ಅಂತ ಬರದಿಡೋ ಗಿಟ್ ತಗದು ನೋಡೋ ಧೈರ್ಯ ಮಾಡಿಲ್ಲ) ಮುಚ್ಚೋಮುಂದ ಜಾಮೆಟ್ರಿ ಕೇಳಿ ಜಾಗ ಉಳಿಸಿ, ತಗಿಯೋಮುಂದ ಅದ ಜಾಗಕ್ಕ ಮೂವ್ ಮಾಡಿದ್ರು. ಅಂದ್ರ ಉಳಿಸಿದ್ದು ಒಳಗಿನ ಚೌಕದ ಅಳತಿ, ಮರಳಿ ಇಟ್ಟಿದ್ದು ಹೊರಗಿನ ಚೌಕಟ್ಟಿಗೆ. ಟೈಟಲ್ ಪಟ್ಟಿ 24 ಪಿಕ್ಸೆಲ್ ಅಂತ ಹಿಡದ್ರ ಒಂದ್ ಸಲ ತಗದು ಮುಚ್ಚಿದ್ರ 24 ಪಿಕ್ಸೆಲ್ ಕೆಳಗ, ಹತ್ತು ಸಲಕ್ಕ 240. ಅವರದು 1366ಕ್ಕ 768ರ ಪರದೆ, ಕರೆಂಟ್ ಹೋಗಿ ಬಂದು ಮಾಡಿದಾಗೆಲ್ಲಾ ಹೊಸದಾಗಿ ತಗೀತಾರ, ಒಂದ್ ವಾರದಾಗ ಬಣ್ಣದ ಪಟ್ಟಿ ಪರದೆ ಬಿಟ್ಟು ಹೊರಗ ಹೋಗೂದ್ರಾಗ ಆಶ್ಚರ್ಯ ಏನೈತಿ. ಅಂಚಿನ ದಪ್ಪದಷ್ಟು ಬಲಕ್ಕೂ ಸರದಿತ್ತು, ಅದು ಒಂದೆರಡು ಪಿಕ್ಸೆಲ್ ಆಗಿದ್ದಕ್ಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನನ್ನ ಲ್ಯಾಪ್‌ಟಾಪ್‌ದಾಗ ಯಾಕ ಬರಲಿಲ್ಲ? ವೇಲ್ಯಾಂಡ್‌ದಾಗ ಸಾದಾ ಪ್ರೋಗ್ರಾಂಗೆ ತಾನು ಪರದೆ ಮ್ಯಾಲ ಎಲ್ಲಿದ್ದೀನಿ ಅನ್ನೂದ ಗೊತ್ತಾಗಂಗಿಲ್ಲ, ಇಂಥಾ ಜಾಗದಾಗ ಇಡ್ರಿ ಅಂತ ಕೇಳಾಕೂ ಬರಂಗಿಲ್ಲ. ಬೇಕಂತನ ಹಂಗ ಮಾಡ್ಯಾರ. ಕೇಳಾಕ ಬರದಿದ್ದ ಮ್ಯಾಲ ತಪ್ಪ್ ಕೇಳಾಕೂ ಬರಂಗಿಲ್ಲ, ಹಿಂಗಾಗಿ ನಮ್ಮ ತಪ್ಪು ಕೋಡ್ ಅಲ್ಲಿ ಸುಮ್ನ ಮಕ್ಕೊಂಡಿತ್ತು. ಡೆವಲಪರ್‌ಗಳೆಲ್ಲಾ ಹೊಸಾ ಮಷಿನ್, ಯೂಸರ್‌ಗಳೆಲ್ಲಾ ಹಳೇ ಮಷಿನ್, ಎರಡರ ನಡುವ ಬಗ್‌ಗೆ ಚಲೋ ಅರಾಮ ಜಾಗ ಸಿಗತೈತಿ.

ಇನ್ನೊಂದು ಏನಂದ್ರ, ಎಕ್ಸ್11ದಾಗ ವಿಂಡೋ ತೋರಸು ಅಂತ ಹೇಳಿದ ಕೂಡಲೆ ಚೌಕಟ್ಟು ಬಂದ ಬಿಡಂಗಿಲ್ಲ. ವಿಂಡೋ ಮ್ಯಾನೇಜರ್ ತನ್ನ ಪುರಸೊತ್ತಿನಾಗ ಕೂಡಸತೈತಿ, ಆಮ್ಯಾಲ ಕಾನ್ಫಿಗರ್‌ನೋಟಿಫೈ ಅಂತ ಚೀಟಿ ಬರತೈತಿ. ಅದಕ್ಕಿಂತ ಮೊದಲ ಪೋಸ್ ಕೇಳಿದ್ರ ಚೌಕಟ್ಟ ಇಲ್ಲದ ಲೆಕ್ಕ ಸಿಗತೈತಿ. ಅಳತಿ ವಿಷಯನೂ ಹಂಗ, 800 ಅಗಲ ಮಾಡು ಅಂತ ನಾವು ಕೇಳೂದು ಬರೇ ವಿನಂತಿ, ಪರದೆ ಸಣ್ಣದಿದ್ರ 760 ಕೊಡಬಹುದು, ಪರದೆನ ಫರಸಿ ಹಾಸಿದಂಗ ತಾನ ಹಂಚೋ ಟೈಲಿಂಗ್ ಥರದ ವಿಂಡೋ ಮ್ಯಾನೇಜರ್ ಇದ್ರ ಕೇಳಿದ್ದನ್ನ ಕಿವಿಗೂ ಹಾಕ್ಕೊಳ್ಳದ ತನಗ ಬೇಕಾದ್ದು ಕೊಡತೈತಿ. ಕೇಳಿದ ಮರುಸಾಲಿನ್ಯಾಗ "ಈಗ ನನ್ನ ಅಗಲ 800" ಅಂತ ಹಿಡಕೊಂಡು ಚಿತ್ರಾ ಬಿಡಿಸಿದ್ರ ಬಲಗಡೆ ಕರೀ ಪಟ್ಟಿ ಬರತೈತಿ, ನೀವೂ ಎಲ್ಲೆರ ನೋಡಿರ್ತೀರಿ. ಮ್ಯಾಲಿನ ಮೂಲ್ಯಾಗ ಮುಚ್ಚೋ ಗುರ್ತು ಒತ್ತಿದ್ರೂ ಅದು ವಿನಂತಿನ, "ಮುಚ್ಚತೀಯೇನು" ಅಂತ ಚೀಟಿ ಬರತೈತಿ, ಅದಕ್ಕ ನಾವು "ಸೇವ್ ಮಾಡಲೇನ್ರಿ" ಅಂತ ತಿರುಗಿ ಕೇಳಾಕ ಆಗೂದು.

ಎರಡನೇ ಬಗ್ ಧಾರವಾಡದ ಗೆಳತಿ ಹಿಡದಿದ್ದು, ಆಕಿ ನಮ್ಮ ಟೀಮ್‌ನಾಕಿ. ಆಲ್ಟ್ ಕೀ ಒತ್ತಿ ಹಿಡದ್ರ ನಮ್ಮಲ್ಲಿ ಬಣ್ಣ ಎತ್ತೋ ಡ್ರಾಪರ್ ಬರತೈತಿ, ಬಿಟ್ರ ಮತ್ತ ಕುಂಚ. ಆಕಿ ಆಲ್ಟ್ ಟ್ಯಾಬ್ ಒತ್ತಿ ಬ್ರೌಸರ್‌ಗೆ ಹೋಗಿ ತಿರುಗಿ ಬಂದ್ರ ಕುಂಚ ಬರಂಗಿಲ್ಲ, ಡ್ರಾಪರ್ ಅಲ್ಲೇ ಅಂಟಕೊಂಡು ಕುಂತೈತಿ, ಗೀಟ ಎಳಿಯಾಕ ಹೋದ್ರ ಬಣ್ಣ ಎತ್ತತೈತಿ. ಇದರ ಮರ್ಮ ತಿಳದ್ರ ನಗು ಬರತೈತಿ: ಆಲ್ಟ್ ಒತ್ತಿದ ಚೀಟಿ ನಮಗ ಬಂತು, ಟ್ಯಾಬ್ ಒತ್ತೋ ಹೊತ್ತಿಗೆ ಕೀಬೋರ್ಡ್‌ನ್ನ ವಿಂಡೋ ಮ್ಯಾನೇಜರ್ ಕಸಗೊಂಡ್ತು, ಆಲ್ಟ್ ಬಿಟ್ಟ ಚೀಟಿ ಅವರ ಕಡೆ ಹೋತು. ನಮ್ಮ ಪ್ರೋಗ್ರಾಂ ಪಾಲಿಗೆ ಆಲ್ಟ್ ಇನ್ನೂ ಒತ್ತೇ ಐತಿ, ಆಕಿ ಊಟಾ ಮಾಡಿ ಮಕ್ಕೊಂಡು ಮುಂಜಾನೆ ಎದ್ದು ಬಂದ್ರೂ ಒತ್ತೇ ಐತಿ. ಖಾನಾವಳ್ಯಾಗ ಅನ್ನಾ ಹಾಕು ಅಂದ ಚೀಟಿ ಬಂದು ಸಾಕು ಅನ್ನೋ ಚೀಟಿ ಬಾಜೂ ಅಂಗಡಿಗೆ ಹೋದಂಗ.

ಇದಕ್ಕ ಸರಿಯಾದ ಔಷಧ ಏನಂದ್ರ ಒತ್ತಿದ್ದು ಬಿಟ್ಟಿದ್ದು ಅಂತ ನಾವ ನೆನಪಿಟ್ಟ್ಕೋಬಾರದು. ಪ್ರತಿ ಮೌಸ್ ಚೀಟಿ ಮ್ಯಾಲೂ "ಈಗ ಶಿಫ್ಟ್, ಕಂಟ್ರೋಲ್, ಆಲ್ಟ್ ಯಾವ್ಯಾವು ಒತ್ತ್ಯಾವು" ಅಂತ ಬರದಿರತೈತಿ, ಅದನ್ನ ಓದಬೇಕು. ನೆನಪಿಡೂದ ಬೇಕು ಅಂದ್ರ ಫೋಕಸ್ (ಕೀಬೋರ್ಡ್ ಯಾರ ಪಾಲಿಗೈತಿ ಅನ್ನೂದು) ಹೋದ ಚೀಟಿ ಬಂದ ಕೂಡಲೆ ಎಲ್ಲಾ ಕೀ ಬಿಟ್ಟಂಗ ಅಂತ ಸ್ಲೇಟು ಒರಸಬೇಕು. ವೇಲ್ಯಾಂಡ್‌ದಾಗ ಇದನ್ನ ನಿಯಮದಾಗನ ಬರದಾರ, ಕೀಬೋರ್ಡ್ ಬಿಟ್ಟು ಹೋದ ಚೀಟಿ ಬಂದ್ರ ಎಲ್ಲಾ ಕೀ ಮ್ಯಾಲ ಎದ್ದಂಗ, ತಿರುಗಿ ಬರೋಮುಂದ ಯಾವ್ಯಾವು ಒತ್ತಿ ಅದಾವು ಅನ್ನೋ ಪಟ್ಟಿ ಚೀಟಿ ಜೋಡೀನ ಬರತೈತಿ. ಮತ್ತ ಒಂದ್ ಕೀ ಒತ್ತಿ ಹಿಡದ್ರ ಅಕ್ಷರ ಒಂದರ ಹಿಂದ ಒಂದು ಬೀಳತಾವಲ್ಲ, ಎಕ್ಸ್11ದಾಗ ಅದನ್ನ ಸರ್ವರ್ ಮಾಡತೈತಿ, ವೇಲ್ಯಾಂಡ್‌ದಾಗ ಪ್ರೋಗ್ರಾಂನ ಟೈಮರ್ ಹಚ್ಚಿ ಮಾಡಬೇಕು. ಫೋಕಸ್ ಹೋದಾಗ ಆ ಟೈಮರ್ ನಿಲ್ಲಸೂದು ಮರತ್ರ ವಿಂಡೋ ಬಿಟ್ಟು ಹೋದ ಮ್ಯಾಲೂ ಒಳಗ ಅಕ್ಷರ ಮಳಿ ಹೊಡದಂಗ ಬೀಳತಿರತಾವು.

ಟೂಲ್‌ಟಿಪ್ ಮಿಣಮಿಣ ಅನ್ನೂದು ಮೂರನೇದು, ಇದು ಸಣ್ಣದು. ಮೌಸ್ ಬಟನ್ ಮ್ಯಾಲ ಬಂದ್ರ ವಿವರಣೆ ಚೌಕ ಬರಬೇಕು. ಆ ಚೌಕ ಸರಿಯಾಗಿ ಮೌಸ್ ಕೆಳಗನ ಮೂಡಿದ್ರ "ಮೌಸ್ ಬಟನ್ ಬಿಟ್ಟು ಹೋತು" ಅಂತ ಚೀಟಿ ಬರತೈತಿ, ಚೌಕ ಮುಚ್ಚತೀವಿ, ಮುಚ್ಚಿದ ಕೂಡಲೆ "ಮೌಸ್ ಬಂತು" ಅಂತ ಚೀಟಿ, ಮತ್ತ ತೋರಸತೀವಿ, ಹಿಂಗ ಟ್ಯೂಬ್‌ಲೈಟ್ ಕೆಟ್ಟಂಗ ಮಿಣಕತೈತಿ. ಚೌಕಾನ ನಾಕ್ ಪಿಕ್ಸೆಲ್ ದೂರ ಇಟ್ರ ಮುಗೀತು, ಪರದೆ ಮೂಲ್ಯಾಗ ಜಾಗಾ ಇಲ್ಲದಾಗ ಏನ್ ಮಾಡೂದು ಅನ್ನೂದು ಮಾತ್ರ ತಲಿನೋವು.

ಮೌಸ್ ವೇಗದ ವಿಷಯ ಇದಕ್ಕಿಂತ ದೊಡ್ಡದು. ಸಾದಾ ಯುಎಸ್‌ಬಿ ಮೌಸ್ ಸೆಕೆಂಡಿಗೆ 125 ಸಲ ತನ್ನ ಜಾಗ ಹೇಳತೈತಿ, ಗೇಮಿಂಗ್ ಮೌಸ್ 1000 ಸಲ. ಪರದೆ 60 ಹರ್ಟ್ಸ್ ಇದ್ರ ಸೆಕೆಂಡಿಗೆ 60 ಸಲ ಅಷ್ಟ ಚಿತ್ರಾ ಬದಲಿ ಆಗತೈತಿ, ಅಂದ್ರ ಒಂದ್ ಚಿತ್ರಕ್ಕ ಸುಮಾರು 16.7 ಮಿಲಿಸೆಕೆಂಡ್. ಪ್ರತಿ ಚೀಟಿಗೂ ಪೂರಾ ಪರದೆ ಹೊಸದಾಗಿ ಬಿಡಿಸಿದ್ರ ಚೀಟಿ ಬರೂದು ಜಾಸ್ತಿ ಓದೂದು ಕಮ್ಮಿ, ಮೊಳಿ ತುಂಬಿ ಹೋಗತೈತಿ, ನೀವು ಕೈ ನಿಲ್ಲಸಿದ ಮ್ಯಾಲೂ ಗೀಟ ಹಿಂದಿಂದ ಓಡಿ ಬರತೈತಿ. ಹಂಗಾರ ನಡುವಿನ ಚೀಟಿ ಒಗದು ಕಡೀದು ಒಂದ ಓದಿದ್ರಾತು ಅಂತೀರಿ. ಬಟನ್ ಮೆನು ಇರೋ ಸಾದಾ ಪ್ರೋಗ್ರಾಂಗೆ ಅದು ಸರಿ. ಚಿತ್ರಾ ಬಿಡಿಸೋ ಪ್ರೋಗ್ರಾಂದಾಗ ನಡುವಿನ ಚೀಟಿ ಅಂದ್ರ ಗೀಟಿನ ಬಳುಕು, ಅದನ್ನ ಒಗದ್ರ ಗುಂಡಗಿನ ರಂಗೋಲಿ ಎಂಟು ಮೂಲಿ ಆಗಿ ಬರತೈತಿ. ಎಲ್ಲಾ ಚೀಟಿ ಓದಿ ಬಿಂದು ಕೂಡ್ಸಿಡು, ಪರದೆ ಮಾತ್ರ ಚಿತ್ರಕ್ಕೊಂದ ಸಲ ಬಿಡಿಸು, ಇದು ನಾವು ಮಾಡ್ಕೊಂಡ ದಾರಿ. ವಿಂಡೋ ಎಳದು ದೊಡ್ಡದು ಮಾಡೋಮುಂದ ಮಾತ್ರ ನಡುವಿನ ಅಳತಿ ಯಾರಿಗೂ ಬ್ಯಾಡ, ಅಲ್ಲಿ ಕಡೀದು ಒಂದ ಸಾಕು.

ಈಗ ನನಗ ಎಲ್ಲಕ್ಕಿಂತ ಹೆಚ್ಚು ನಿದ್ದಿ ಕೆಡಿಸಿದ್ದು ಹೇಳತೀನಿ, ಇದು ಕನ್ನಡ ಟೈಪ್ ಮಾಡೋರಿಗೆ ಬರೋ ಬಗ್, ಇಂಗ್ಲಿಷ್ ಒಂದ ಬರಿಯೋ ಡೆವಲಪರ್‌ಗೆ ಜನ್ಮದಾಗ ಕಾಣಂಗಿಲ್ಲ. ಗದಗಿನ ಅಣ್ಣಾರು ಹೇಳಿದ್ದು: ಪತ್ರಿಕೆದಾಗ "ಮಂಜುನಾಥ" ಅಂತ ಬರದು ಬ್ಯಾರೆ ಕಡೆ ಕ್ಲಿಕ್ ಮಾಡಿದ್ರ "ಮಂಜುನಾ" ಅಂತ ಉಳೀತೈತಿ. ಅದ ಪ್ರೆಸ್ಸಿನ ಇನ್ನೊಬ್ಬ ಹುಡುಗ ಅದ ಮಷಿನ್‌ದಾಗ ಬರದ್ರ ಸರಿ ಬರತೈತಿ. ನಾವು ಎರಡ ದಿನ ತಲಿ ಕೆರಕೊಂಡ್ವಿ. ಕಡೀಗೆ ಗೊತ್ತಾಗಿದ್ದೇನಂದ್ರ ಅಣ್ಣಾರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಸೋ ಐಟ್ರಾನ್ಸ್ ಥರದ ವಿಧಾನದಾಗ ಟೈಪ್ ಮಾಡತಾರ, ಹುಡುಗ ಇನ್‌ಸ್ಕ್ರಿಪ್ಟ್ ಕೀಬೋರ್ಡ್‌ದಾಗ. ಇನ್‌ಸ್ಕ್ರಿಪ್ಟ್‌ದಾಗ ಒಂದ್ ಕೀಗೆ ಒಂದ್ ಗುರ್ತು ನೇರವಾಗಿ ಬಂದ ಬೀಳತೈತಿ, 'ಕ್ಷ' ಬೇಕಂದ್ರ ಕ, ವಿರಾಮದ ಗುರ್ತು (ಹಲಂತ), ಷ, ಮೂರು ಕೀ, ಯುನಿಕೋಡ್‌ದಾಗೂ ಅದು ಮೂರ ಗುರ್ತು. ಐಟ್ರಾನ್ಸ್‌ದಾಗ ಟಿ ಒತ್ತಿದ್ರ ಮುಂದ ಎಚ್ ಬರತೈತೋ ಎ ಬರತೈತೋ ಅಂತ ಕಾಯಬೇಕು, ಅಲ್ಲೀತನಕ ಅಕ್ಷರ ಹಸೀನ ಇರತೈತಿ, ಕೆಳಗ ಗೀಟ ಹಾಕಿ ತೋರಸತಾರ. ಅದಕ್ಕ ಪ್ರೀ ಎಡಿಟ್ ಅಂತಾರ. ಹಸೀ ಅಕ್ಷರ ಗಟ್ಟಿ ಆದಾಗ "ಕಮಿಟ್" ಅಂತ ಬ್ಯಾರೆ ಇವೆಂಟ್ ಬರತೈತಿ, ಅಲ್ಲೀತನಕ ಅದು ನಮ್ಮ ಡಾಕ್ಯುಮೆಂಟ್‌ನಾಗ ಇರಂಗಿಲ್ಲ, ಇನ್‌ಪುಟ್ ಮೆಥಡ್ ಅನ್ನೋ ಮೂರನೇಯಾಂವನ ಕೈಯಾಗ ಇರತೈತಿ. ಅಣ್ಣಾರು ಕಡೀ ಅಕ್ಷರ ಹಸೀ ಇರೋಮುಂದನ ಬ್ಯಾರೆ ಕಡೆ ಕ್ಲಿಕ್ ಮಾಡಿದ್ರು, ನಾವು ಆ ಬರಿಯೋ ಡಬ್ಬೀನ ಮುಚ್ಚಿ ಬಿಟ್ವಿ, ಅಕ್ಷರ ಹಾದ್ಯಾಗ ಹೋತು. ಲಗ್ನಪತ್ರಿಕೆದಾಗ ವರನ ಹೆಸರ ಅರ್ಧಾ ಛಾಪಾ ಆದ್ರ ಬೀಗರು ಬಿಡತಾರೇನ್ರಿ? ಡಬ್ಬಿ ಮುಚ್ಚೋ ಮೊದಲು ಇನ್‌ಪುಟ್ ಮೆಥಡ್‌ಗೆ "ಇದ್ದದ್ದು ಕಮಿಟ್ ಮಾಡು" ಅಂತ ಹೇಳೋ ಒಂದ್ ಸಾಲು ಸೇರಿಸಿದ್ವಿ, ಕ್ಯೂಟಿದಾಗ ಅದಕ್ಕಂತನ ಒಂದ್ ಫಂಕ್ಷನ್ ಐತಿ.

ಅದರ ಜೋಡಿ ಇನ್ನೊಂದು ಸಿಕ್ತು. ನಮ್ಮಲ್ಲಿ ಬಿ ಒತ್ತಿದ್ರ ಬ್ರಷ್, ಇ ಒತ್ತಿದ್ರ ಇರೇಸರ್ ಅಂತ ಶಾರ್ಟ್‌ಕಟ್ ಅದಾವು. ಅಕ್ಷರ ಬರಿಯೋಮುಂದ ಈ ಶಾರ್ಟ್‌ಕಟ್ ಸುಮ್ನಿರಬೇಕು, ಅದಕ್ಕ ಕ್ಯೂಟಿ ಮೊದಲು ಬರಿಯೋ ಡಬ್ಬಿಗೆ "ಈ ಕೀ ನಿನಗ ಬೇಕೇನು" ಅಂತ ಶಾರ್ಟ್‌ಕಟ್ ಓವರ್‌ರೈಡ್ ಅನ್ನೋ ಚೀಟಿ ಕಳಸತೈತಿ, ಹೂಂ ಅಂದ್ರ ಶಾರ್ಟ್‌ಕಟ್ ಓಡಂಗಿಲ್ಲ. ನಾವ ಬರದ ಡಬ್ಬಿ ಆ ಚೀಟಿಗೆ ಉತ್ತರಾನ ಕೊಡತಿರಲಿಲ್ಲ.

ಇಂಥಾ ಬಗ್ ಹುಡುಕೂದ್ರಾಗ ಒಂದ್ ವಿಚಿತ್ರ ಐತಿ, ನೋಡಾಕ ಹೋದ್ರ ಮಾಯ ಆಗತಾವು. ಫೋಕಸ್ ಬಗ್ ಹುಡುಕಾಕ ಡಿಬಗ್ಗರ್ (ಪ್ರೋಗ್ರಾಂ ನಿಲ್ಲಿಸಿ ಒಳಗ ನೋಡೋ ಟೂಲ್) ವಿಂಡೋ ಮ್ಯಾಲ ಕ್ಲಿಕ್ ಮಾಡಿದ್ರ ಫೋಕಸ್ಸ ಬದಲಿ ಆತಲ್ಲ! ಅದಕ್ಕಿಂತ ಕೆಟ್ಟದ್ದು ಎಕ್ಸ್11ದಾಗ ಮೆನು ತಗದಾಗ ಆಗತೈತಿ. ಮೆನು ತಗದಾಗ ಪ್ರೋಗ್ರಾಂ ಮೌಸು ಕೀಬೋರ್ಡು ಎರಡನ್ನೂ ತನ್ನ ಕೈಯಾಗ ಹಿಡಕೊಂಡಿರತೈತಿ, ಸರಿಯಾಗಿ ಆವಾಗ ಡಿಬಗ್ಗರ್‌ನಾಗ ಬ್ರೇಕ್‌ಪಾಯಿಂಟ್ ಹಾಕಿ ನಿಲ್ಲಸಿದ್ರ ಅದು ಹಿಡದಿದ್ದು ಬಿಡಂಗಿಲ್ಲ, ಇಡೀ ಪರದೆ ಕಲ್ಲ ಆಗಿ ಕುಂದರತೈತಿ. ಮೊದಲನೇ ಸಲ ನಾನು ಪವರ್ ಬಟನ್ ಒತ್ತಿ ಹಿಡದು ಬಂದ್ ಮಾಡಿದ್ದೆ, ಆಮ್ಯಾಲ ಕಲ್ತೆ, ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಕರೀ ಪರದೆಗೆ ಹೋಗಿ ಅಲ್ಲಿಂದ ಕೊಲ್ಲಬೇಕು, ಇಲ್ಲಾ ಝೆಫಿರ್ (Xephyr) ಅಂತ ವಿಂಡೋದೊಳಗನ ಒಂದ್ ಪುಟ್ಟ ಎಕ್ಸ್ ಸರ್ವರ್ ಓಡಸೋದು ಐತಿ, ಅದರಾಗ ಪ್ರೋಗ್ರಾಂ ಓಡಿಸಿ ಹೊರಗಿಂದ ಡಿಬಗ್ ಮಾಡಬೇಕು. ಹೆಚ್ಚಿಗಿ ಕೆಲಸ ನಿಲ್ಲಸದ ನೋಡೋ ಲಾಗ್‌ನಿಂದನ ಆಗತೈತಿ. ಎಕ್ಸ್11ದಾಗ ಎಕ್ಸ್‌ಇವಿ ಅಂತ ಸಣ್ಣ ಟೂಲ್ ಐತಿ, ಬಂದ ಚೀಟಿ ಎಲ್ಲಾ ಬರದು ತೋರಸತೈತಿ, ವೇಲ್ಯಾಂಡ್‌ದಾಗ ವೇಲ್ಯಾಂಡ್ ಡಿಬಗ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಅಂತ ಕೊಟ್ರ ಹೋದ ಚೀಟಿ ಬಂದ ಚೀಟಿ ಎರಡೂ ಟರ್ಮಿನಲ್‌ದಾಗ ಸುರೀತಾವು. ಮೊದಲು ಸರಿ ಇತ್ತು ಈಗ ಕೆಟ್ಟೈತಿ ಅನ್ನೋ ಥರದ್ದಾದ್ರ ಗಿಟ್ ಬೈಸೆಕ್ಟ್, ಅರ್ಧಕ್ಕ ಅರ್ಧ ಕತ್ತರಿಸ್ಕೊಂತ ಹೋಗತೈತಿ, 1000 ಕಮಿಟ್ (ಇದು ಅಕ್ಷರದ ಕಮಿಟ್ ಅಲ್ಲ, ಗಿಟ್‌ನಾಗ ಉಳಿಸಿದ ಒಂದೊಂದ ಬದಲಾವಣೆ) ಇದ್ರೂ ಹತ್ತ ಸಲ ಟೆಸ್ಟ್ ಮಾಡಿದ್ರ ಕಳ್ಳ ಸಿಗತಾನ.

ರಿಲೀಸ್‌ಗೆ ನಾಕ್ ದಿನ ಉಳದಾಗ ಡ್ರಾಪರ್ ಬಗ್‌ಗೆ ನಮ್ಮೊಬ್ಬ ಗೆಳೆಯ ಒಂದ್ ಪ್ಯಾಚ್ (ಕೋಡಿನ ತ್ಯಾಪಿ) ಕಳಿಸ್ದ, ಫೋಕಸ್ ತಿರುಗಿ ಬಂದ ಮ್ಯಾಲ 100 ಮಿಲಿಸೆಕೆಂಡ್ ಕಾದು ಆಮ್ಯಾಲ ಆಲ್ಟ್ ಬಿಟ್ಟಂಗ ಮಾಡೂದು. ಅವನ ಮಷಿನ್‌ದಾಗ ಸರಿ ಆಗಿತ್ತು. ನಾನು ಬ್ಯಾಡ ಅಂದೆ, ಅಂವ ಸ್ವಲ್ಪ ಮುನಿಸ್ಕೊಂಡ. ಕಾಯೂದು ಅಂದ್ರ ಚೀಟಿ ಅಷ್ಟೊತ್ತಿಗೆ ಬಂದಿರತೈತಿ ಅಂತ ದೇವರ ಮ್ಯಾಲ ಭಾರ ಹಾಕಿದಂಗ. ಅವನ ಹೊಸಾ ಮಷಿನ್‌ದಾಗ 100 ಸಾಕು, ಗದಗಿನ ಹಳೇ ಡಬ್ಬ್ಯಾಗ ಪ್ರಿಂಟ್ ಓಡೋಮುಂದ 400 ಬೇಕಾಗಬಹುದು, ಆವಾಗ ಬಗ್ ಹೋಗಂಗಿಲ್ಲ, ಯಾವಾಗರ ಒಮ್ಮೆ ಬರೋ ಬಗ್ ಆಗತೈತಿ, ದಿನಾ ಬರೋದಕ್ಕಿಂತ ಅದ ಹೆಚ್ಚು ಜೀವಾ ತಿಂತೈತಿ. ಬೈಸೆಕ್ಟ್ ಮಾಡಿ ನೋಡಿದ್ರ ಹೋದ ತಿಂಗಳು ಹೊಸಾ ಶಾರ್ಟ್‌ಕಟ್ ವ್ಯವಸ್ಥಾ ತಂದ ಕಮಿಟ್‌ದಾಗನ ಡ್ರಾಪರ್ ಕೆಟ್ಟಿತ್ತು, ಆ ಒಂದ್ ಭಾಗ ವಾಪಸ್ ತಗದು ಹಳೇದನ್ನ ಇಟ್ವಿ. ರಿಲೀಸ್ ವಾರದಾಗ ಶ್ಯಾಣ್ಯಾತನದ ರಿಪೇರಿಕ್ಕಿಂತ ರಿವರ್ಟ್ ಚಲೋ ಅಂತ ನನ್ನ ಲೆಕ್ಕ. ಹಳೇ ಕೋಡ್‌ನ ತಪ್ಪು ನಮಗ ಗೊತ್ತಿರತಾವು.

ದಿನಾಂಕ ಮುಂದ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ನಮ್ಮ ಸಾಫ್ಟ್‌ವೇರ್ ಮಂದೀಗೆ ಮುಟ್ಟೂದು ಲಿನಕ್ಸ್ ಆವೃತ್ತಿಗಳ ಜೋಡಿ. ಉಬುಂಟು ಅನ್ನೋ ಲಿನಕ್ಸ್ ಬರೂದು ವರ್ಷಕ್ಕ ಎರಡ ಸಲ, ಏಪ್ರಿಲ್ ಮತ್ತ ಅಕ್ಟೋಬರ್, ಅದಕ್ಕ ನಂಬರ್‌ದಾಗ 04, 10 ಅಂತ ಇರತೈತಿ, ಜಿನೋಮ್ ಅನ್ನೋ ಡೆಸ್ಕ್‌ಟಾಪ್ ಮಾರ್ಚ್ ಸೆಪ್ಟೆಂಬರ್. ಅವರ ಫ್ರೀಜ್ (ಹೊಸಾದು ಸೇರಸೂದು ನಿಲ್ಲಸೋ ದಿನ) ಒಳಗ ನಮ್ಮ ಆವೃತ್ತಿ ಹೋಗಲಿಲ್ಲ ಅಂದ್ರ ಮಂದೀಗೆ ಮುಟ್ಟೂದು ಮುಂದಿನ ಸಲನ. ಚಿಗರಿ ಬಸ್ ತಪ್ಪಿದ್ರ ಸ್ವಲ್ಪ ಹೊತ್ತಿಗೆ ಇನ್ನೊಂದು ಬರತೈತಿ, ಇದು ತಪ್ಪಿದ್ರ ಆರ್ ತಿಂಗಳು. ಅದಕ್ಕ ಏಪ್ರಿಲ್ ತಪ್ಪಿದ್ದನ್ನ ಬಿಟ್ಟು ಅಕ್ಟೋಬರ್ ಹಿಡಿಯೂಣು ಅಂತ ನಮ್ಮ ದಿನಾಂಕ ಮೊದಲ ಗೊತ್ತು ಮಾಡ್ಕೊಂಡಿದ್ವಿ, ಟೆಸ್ಟ್ ಮಾಡೋರಿಗೆ ಹೊತ್ತು ಸಿಗಲಿ ಅಂತ.

ಹಿಂಗಾಗಿ ಕಡೇ ಸಂಜಿಮುಂದ ಕುಂತು ಆರಿಸಿದ್ವಿ. ಅಕ್ಷರ ಕಳಿಯೂದು ಒಳಗ, ಯಾಕಂದ್ರ ಅದು ಮಂದಿ ಕೆಲಸ ಹಾಳ್ ಮಾಡತೈತಿ. ಡ್ರಾಪರ್ ರಿವರ್ಟ್ ಒಳಗ. ಟೂಲ್‌ಟಿಪ್ ಮಿಣಮಿಣ ಹೊರಗ, ಗೊತ್ತಿರೋ ತೊಂದರೆ ಅಂತ ರಿಲೀಸ್ ನೋಟ್ಸ್‌ನಾಗ ಬರದ್ವಿ. ಇಳಿಯೋ ವಿಂಡೋಕ್ಕ ಎರಡ್ ದಾರಿ ಇದ್ದುವು. ಜಾಮೆಟ್ರಿ ಇದ್ದಲ್ಲಿ ಪೋಸ್ ಅಂತ ಬದಲಿ ಮಾಡೂದು ಒಂದ, ಒಂದ ಸಾಲಿನ ಕೆಲಸ. ಕ್ಯೂಟಿದಾಗ ಜಾಗ ಅಳತಿ ಎಲ್ಲಾ ಸೇರಿಸಿ ಉಳಸೋ ಸೇವ್ ಜಾಮೆಟ್ರಿ, ತಿರುಗಿ ಇಡೋ ರಿಸ್ಟೋರ್ ಜಾಮೆಟ್ರಿ ಅಂತ ಜೋಡಿ ಐತಿ, ಅದನ್ನ ತರೂದು ಎರಡನೇದು. ಎರಡನೇದ ಹೆಚ್ಚು ಸರಿ, ಆದ್ರ ಸೆಟ್ಟಿಂಗ್ಸ್ ಫೈಲ್‌ನ ರೂಪ ಬದಲಿ ಆಗತೈತಿ, ಹಳೇ ಫೈಲ್ ಇದ್ದವರಿಗೆ ಏನಾಗತೈತಿ ಅಂತ ನೋಡಾಕ ಹೊತ್ತಿರಲಿಲ್ಲ. ಒಂದ ಸಾಲಿಂದು ಹಾಕಿದ್ವಿ, ಇದ ರಿಲೀಸ್ ಅಂತ ಗಿಟ್‌ನಾಗ ಟ್ಯಾಗ್ ಮಾಡಿದ್ವಿ, ಲೈನ್ ಬಜಾರ್‌ನಿಂದ ಗೆಳತಿ ತಂದ ಪೇಢೆ ತಿಂದ್ವಿ.

ಹನ್ನೊಂದನೇ ದಿನಕ್ಕ ಗದಗಿಂದ ಫೋನ್. "ತಮ್ಮಾ, ಈಗ ಇಳಿಯೂದು ನಿಂತೈತಿ, ಅಕ್ಷರನೂ ಬರೋಬ್ಬರಿ ಬರತಾವು. ಆದ್ರ ಇವತ್ತ ಸಾಫ್ಟ್‌ವೇರ್ ತಗದ್ರ ವಿಂಡೋನ ಇಲ್ಲ, ಕೆಳಗ ಟಾಸ್ಕ್‌ಬಾರ್‌ದಾಗ ಹೆಸರು ಕಾಣತೈತಿ, ಪರದೆ ಮ್ಯಾಲ ಏನೂ ಇಲ್ಲ." ಕೇಳಿದ್ರ ಎರಡನೇ ಮಾನಿಟರ್ ಹಚ್ಚಿದ್ರಂತ, ವಿಂಡೋ ಅದರ ಮ್ಯಾಲ ಇಟ್ಟು ಮುಚ್ಚಿದ್ರಂತ, ಮಾನಿಟರ್ ಅವರ ತಮ್ಮ ಮನಿಗೆ ಒಯ್ದಾನ. ನಮ್ಮ ಪ್ರೋಗ್ರಾಂ ಉಳಿಸಿದ್ದ ಜಾಗಕ್ಕ ಸರಿಯಾಗಿ ಹೋಗಿ ಕುಂತೈತಿ, ಆ ಜಾಗದಾಗ ಪರದೆನ ಇಲ್ಲ. ರಿಸ್ಟೋರ್ ಜಾಮೆಟ್ರಿ ಇದ್ದಿದ್ರ ಪರದೆ ಹೊರಗ ಬಿದ್ದ ವಿಂಡೋನ ಎಳದು ಒಳಗ ತರತಿತ್ತು. ಅಣ್ಣಾರಿಗೆ ಆಲ್ಟ್ ಮತ್ತ ಎಫ್7 ಒತ್ತಿ ಬಾಣದ ಕೀಲೆ ಎಳಕೋರಿ ಅಂತ ಹೇಳಿ ಫೋನ್ ಇಟ್ಟು, ಎರಡನೇ ದಾರಿದು ಬ್ರಾಂಚ್ (ಕೋಡಿನ ಬ್ಯಾರೆ ಕವಲು) ತಗದು ಕುಂತೇನಿ.